ತಪ್ಪು ಉತ್ತರದ ಹಿಂದಿನ ಲೆಕ್ಕ

ಪ್ರೌಢಶಾಲೆಯ ಗಣಿತ ಶಿಕ್ಷಕನ ಕೆಲಸವೆಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ಪಠ್ಯವನ್ನು ಮುಗಿಸಿ, ಮಕ್ಕಳನ್ನು ತೇರ್ಗಡೆ ಮಾಡಿಸುವುದು ಎಂದು ಹೊರಗಿನವರು ತಿಳಿದಿರುತ್ತಾರೆ. ಸೇವಾವಧಿಯನ್ನೆಲ್ಲ ಸರ್ಕಾರಿ ಪ್ರೌಢಶಾಲೆಗಳಲ್ಲಿಯೇ ಕಳೆದು ನಿವೃತ್ತನಾಗಿರುವ ನನಗೆ ಈಗ ಅನ್ನಿಸುವುದು ಬೇರೆ: ನನ್ನ ಶ್ರಮದ ದೊಡ್ಡ ಪಾಲು ಸಂದದ್ದು ವರ್ಗ ಸಮೀಕರಣಗಳಿಗಾಗಲಿ ತ್ರಿಕೋನಮಿತಿಗಾಗಲಿ ಅಲ್ಲ, ಐದು–ಆರನೆಯ ತರಗತಿಗಳಲ್ಲಿಯೇ ಗಟ್ಟಿಯಾಗಿರಬೇಕಿದ್ದ ಭಿನ್ನರಾಶಿಗಳಿಗೆ ಮತ್ತು ಋಣ ಚಿಹ್ನೆಗೆ.

ನಮ್ಮಲ್ಲಿ ಪ್ರೌಢಶಾಲೆ ಆರಂಭವಾಗುವುದು ಎಂಟನೆಯ ತರಗತಿಯಿಂದ. ಸುತ್ತಲಿನ ಹಲವು ಊರುಗಳ ಹಿರಿಯ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಬಂದು ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಹಿಂದಿನ ತರಗತಿಗಳ ಕಲಿಕೆಯನ್ನು ಗಟ್ಟಿಮಾಡುವ ಜೂನ್ ತಿಂಗಳ ಸೇತುಬಂಧದ ಪೂರ್ವ ಪರೀಕ್ಷೆಯಲ್ಲಿ 1/2 ಮತ್ತು 1/3ನ್ನು ಕೂಡಿಸಲು ಕೊಟ್ಟರೆ, 2/5 ಎಂದು ಬರೆದ ಉತ್ತರಪತ್ರಿಕೆಗಳು ಪ್ರತಿವರ್ಷವೂ ಕೈಗೆ ಬರುತ್ತಿದ್ದವು. ಇದನ್ನು ಅಜಾಗರೂಕತೆ ಎಂದು ಕರೆಯುವುದು ಸರಿಯಲ್ಲ. ಆ ಮಗು ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿಸಿದೆ. ಅದಕ್ಕೊಂದು ನಿಯಮವಿದೆ, ಆ ನಿಯಮವನ್ನು ಅದು ನಿಷ್ಠೆಯಿಂದ ಪಾಲಿಸಿದೆ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರೆ ಉತ್ತರ ಹೋಗುತ್ತದೆಯೇ ಹೊರತು ನಿಯಮ ಹೋಗುವುದಿಲ್ಲ. ಅದೇ ನಿಯಮ ಒಂಬತ್ತನೆಯ ತರಗತಿಯಲ್ಲಿ (a + b)² = a² + b² ಎಂಬ ರೂಪದಲ್ಲಿಯೂ, ಹತ್ತರಲ್ಲಿ ಪೈಥಾಗೊರಸ್ ಪ್ರಮೇಯದ ಲೆಕ್ಕ ಮಾಡುವಾಗ √(9 + 16) = 7 ಎಂಬ ರೂಪದಲ್ಲಿಯೂ ಮತ್ತೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ನಾನು ಕೇಳುತ್ತಿದ್ದ ಪ್ರಶ್ನೆ, 2/5 ದೊಡ್ಡದೋ ಅರ್ಧ ದೊಡ್ಡದೋ ಎಂಬುದು. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾಗಿದೆ ಎಂಬುದು ಮಗುವಿಗೇ ಹೊಳೆದ ನಂತರವಷ್ಟೇ ಛೇದಗಳ ಲ.ಸಾ.ಅ.ದ (ಲಘುತಮ ಸಾಮಾನ್ಯ ಅಪವರ್ತ್ಯದ) ಮಾತು ತೆಗೆಯುತ್ತಿದ್ದೆ.

ಇಲ್ಲಿ ಒಂದು ತೊಡಕಿದೆ. "ಇದು ಹೇಗೆ ಬಂತು, ಹೇಳು" ಎಂದು ಮೇಷ್ಟ್ರು ಕೇಳಿದೊಡನೆಯೇ ಮಕ್ಕಳು ಉತ್ತರ ತಪ್ಪೆಂದು ಊಹಿಸಿ ಅಳಿಸಲು ರಬ್ಬರ್ ಹುಡುಕುತ್ತಾರೆ. ಸರಿಯುತ್ತರ ಬರೆದವರನ್ನೂ ಅದೇ ದನಿಯಲ್ಲಿ, ಅದೇ ಮಾತಿನಲ್ಲಿ ಕೇಳುವುದು ರೂಢಿಯಾದರೆ ಮಾತ್ರ ತರಗತಿ ಬಾಯಿಬಿಡುತ್ತದೆ. ಇದಕ್ಕೆ ಸಾಮಾನ್ಯವಾಗಿ ದಸರಾ ರಜೆಯವರೆಗೂ ಕಾಯಬೇಕಾಗುತ್ತಿತ್ತು.

ಕಳೆಯುವ ಲೆಕ್ಕಕ್ಕೆ ನನಗೆ ಒದಗಿಬಂದದ್ದು ಕಾಪ್ರೇಕರರ ಸ್ಥಿರಾಂಕವೆನಿಸಿದ 6174. ಡಿ. ಆರ್. ಕಾಪ್ರೇಕರ್ ಅವರು ಮಹಾರಾಷ್ಟ್ರದ ದೇವಳಾಲಿಯಲ್ಲಿ 1930ರಿಂದ 1962ರವರೆಗೆ ಶಾಲಾ ಶಿಕ್ಷಕರಾಗಿದ್ದವರು. ಸಂಖ್ಯೆಗಳೊಂದಿಗಿನ ಅವರ ಆಟವನ್ನು ವಿದ್ವಾಂಸರು ಗಂಭೀರವಾಗಿ ತೆಗೆದುಕೊಳ್ಳಲು ಬಹಳ ಕಾಲ ಹಿಡಿಯಿತು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಂಡು, ಅದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದ ಸಂಖ್ಯೆಯಿಂದ ಏರಿಕೆಯ ಕ್ರಮದಲ್ಲಿ ಬರೆದ ಸಂಖ್ಯೆಯನ್ನು ಕಳೆಯುತ್ತ ಹೋದರೆ, ಹೆಚ್ಚೆಂದರೆ ಏಳು ಹಂತಗಳಲ್ಲಿ 6174 ಬರುತ್ತದೆ. 3524ರಿಂದ ಹೊರಟರೆ 5432 − 2345 = 3087, ನಂತರ 8730 − 0378 = 8352, ನಂತರ 8532 − 2358 = 6174. ದಶಕ ತೆಗೆದುಕೊಂಡು ಕಳೆಯುವುದನ್ನು ಕಲಿಯಬೇಕೆಂದರೆ "ನಾವು ಎಂಟನೆಯ ಕ್ಲಾಸು, ಸಾರ್" ಎಂದು ಮುನಿಸಿಕೊಳ್ಳುತ್ತಿದ್ದ ಹುಡುಗರು ಈ ಆಟದಲ್ಲಿ ಅದನ್ನೇ ಪುಟಗಟ್ಟಲೆ ಮಾಡುತ್ತಿದ್ದರು. 6174 ಬಾರದೆ ಹೋದವನು ತನ್ನ ತಪ್ಪನ್ನು ತಾನೇ ಹುಡುಕಿಕೊಳ್ಳುತ್ತಿದ್ದ.

ಹತ್ತನೆಯ ತರಗತಿಯ ಡಿಸೆಂಬರ್ ಬಂದಿತೆಂದರೆ ಇದೆಲ್ಲ ಹಿಂದೆ ಸರಿದು ತೇರ್ಗಡೆಗೆ ಸಾಕಾಗುವಷ್ಟು ಆಯ್ದ ಪಾಠಗಳ "ಪಾಸಿಂಗ್ ಪ್ಯಾಕೇಜ್" ಮುಂದೆ ಬರುತ್ತದೆ. ಲಿಖಿತ ಪರೀಕ್ಷೆ 80 ಅಂಕಗಳದು, ಆಂತರಿಕ ಮೌಲ್ಯಮಾಪನ 20ರದು. ಬಹುಕಾಲ ನಮ್ಮ ಲೆಕ್ಕಾಚಾರವೆಲ್ಲ ತೇರ್ಗಡೆಗೆ ಆಗ ಬೇಕಿದ್ದ, 80ರಲ್ಲಿ 28ನ್ನು ಎಲ್ಲಿಂದ ಹೊಂದಿಸುವುದು ಎಂಬುದರ ಸುತ್ತ ಇರುತ್ತಿತ್ತು. ರೇಖಾತ್ಮಕ ಸಮೀಕರಣಗಳ ನಕ್ಷೆ, ಸರಾಸರಿ, ಥೇಲ್ಸನ ಪ್ರಮೇಯ ಎಂದು ಪಟ್ಟಿ ಮಾಡಿ, ವಿಶೇಷ ತರಗತಿ ನಡೆಸಿ, ಮನೆ ಭೇಟಿ ಮಾಡಿ, ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸಿ ಓದಿಸುತ್ತಿದ್ದೆವು. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಇಡೀ ಪ್ರಮೇಯವನ್ನು ಒಪ್ಪಿಸುತ್ತಿದ್ದ ಹುಡುಗಿ, ತ್ರಿಭುಜದ ಹೆಸರು ABC ಬದಲು PQR ಆದೊಡನೆ ನಿಂತುಬಿಡುತ್ತಿದ್ದಳು. ಹಾಗೆಂದು ಪ್ಯಾಕೇಜನ್ನು ನಾನು ಹಳಿಯುವುದಿಲ್ಲ. ಹಳ್ಳಿಯಲ್ಲಿ ಹೆಣ್ಣುಮಗಳೊಬ್ಬಳು ಗಣಿತದಲ್ಲಿ ಅನುತ್ತೀರ್ಣಳಾದರೆ ಓದು ಅಲ್ಲಿಗೇ ನಿಂತು ಮದುವೆಯ ಮಾತು ಏಳುತ್ತದೆ. ಆ 28 ಅಂಕಗಳಿಗೆ ಅವಳ ಬದುಕಿನಲ್ಲಿರುವ ಬೆಲೆ ಶಿಕ್ಷಣತಜ್ಞರ ಟೀಕೆಗಿಂತ ದೊಡ್ಡದು. ಆದರೆ ಅದೇ ಪ್ಯಾಕೇಜನ್ನು ಒಂಬತ್ತನೆಯ ತರಗತಿಗೂ ಇಳಿಸುವ ಈಚಿನ ಉತ್ಸಾಹವನ್ನು ನಾನು ಒಪ್ಪಲಾರೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ನಕಲು ತಡೆಯಲು ಕ್ಯಾಮೆರಾದ ನೇರ ನಿಗಾ, ಅಂದರೆ ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83ರ ಮಟ್ಟದಿಂದ ಶೇ. 73ರ ಆಸುಪಾಸಿಗೆ ಇಳಿಯಿತು, ಅದೂ ಕೃಪಾಂಕಗಳನ್ನು ಕೊಟ್ಟ ಮೇಲೆ. ಅದನ್ನು ಕಂಡು ಅಚ್ಚರಿಪಟ್ಟ ಗಣಿತ ಶಿಕ್ಷಕರು ಕಡಿಮೆ.

ಮಾರ್ಗದರ್ಶನ ಎಂದು ಈಗ ಕರೆಯುವ ಕೆಲಸದಲ್ಲಿ ನನಗೆ ಹೆಚ್ಚು ಫಲ ಕಂಡದ್ದು ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ತಯಾರಿಯಲ್ಲಿ. ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಕುಟುಂಬಗಳ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳು ಇದನ್ನು ಬರೆಯಬಹುದು; ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಹಣಕ್ಕಿಂತಲೂ, ದ್ವಿತೀಯ ಪಿಯುಸಿಯವರೆಗೆ ಓದಿಸಲೇಬೇಕೆಂಬ ಕಟ್ಟು ಮನೆಯವರ ಮೇಲೆ ಬೀಳುವುದು ದೊಡ್ಡ ಲಾಭ.

ಎಸ್ಸೆಸ್ಸೆಲ್ಸಿ ಫಲಿತಾಂಶದ ನಂತರದ ವಾರಗಳಲ್ಲಿ ಪೋಷಕರು ಬರುತ್ತಿದ್ದರು. ಗಣಿತದಲ್ಲಿ ತೊಂಬತ್ತು ಬಂದಿದೆ, ಆದ್ದರಿಂದ ವಿಜ್ಞಾನವೇ ಆಗಬೇಕು ಎಂಬುದು ಅವರ ವಾದ. ಕನ್ನಡ ಮಾಧ್ಯಮದಿಂದ ಹೋದ ಮಗು ಪಿಯುಸಿಯ ಮೊದಲ ತಿಂಗಳುಗಳಲ್ಲಿ ಇಂಗ್ಲಿಷ್ ಪಠ್ಯದ ಎದುರು ತತ್ತರಿಸುವುದನ್ನೂ, ಆ ಸಮಯದಲ್ಲಿ ಮನೆಯವರು ಅಂಕಗಳನ್ನು ಕೇಳಬಾರದೆಂಬುದನ್ನೂ ಮೊದಲೇ ಹೇಳುತ್ತಿದ್ದೆ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದೆಂಬುದು ಬಹಳ ಮನೆಗಳಿಗೆ ತಿಳಿದಿರಲಿಲ್ಲ. ಬೇಗ ದುಡಿಮೆಗೆ ಇಳಿಯಬೇಕಾದ ಮನೆಯ ಹುಡುಗರಿಗೆ ನಾನು ಮೊದಲು ತೋರಿಸುತ್ತಿದ್ದ ದಾರಿ ಅದೇ. ಮೂರು ವರ್ಷಗಳ ನಂತರ ಕೆಲಸವೋ ಓದೋ ಎಂಬುದನ್ನು ಅವರೇ ತೀರ್ಮಾನಿಸಬಹುದಾಗಿತ್ತು.