49 ದಿನಕ್ಕೊಮ್ಮೆ ಬರುವ ಟಕ್ ಟಕ್

ಇವತ್ತು ಕೋಡ್‌ನ ಒಂದು ಸಾಲು ಸರಿ ಮಾಡಿದೆ. ಆ ಒಂದು ಸಾಲಿಗೆ ಪೂರ್ತಿ ಭಾನುವಾರ ಹೋಯಿತು.

ಮನೆಯ ನೀರಿನ ಮೋಟಾರಿಗೆ ಆರ್ಡುಯಿನೊ ಬೋರ್ಡ್ (ಪುಟ್ಟ ಕಂಪ್ಯೂಟರಿನಂಥದ್ದು) ಹಾಕಿದ್ದೇನೆ, ಅದರ ಫರ್ಮ್‌ವೇರ್, ಅಂದರೆ ಒಳಗೆ ಓಡುವ ಪ್ರೋಗ್ರಾಂ, ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಿ ತಿದ್ದಬಹುದಾದದ್ದು), ಯಾರೋ ಬರೆದಿದ್ದನ್ನು ಈಗ ನಾವು ಮೂರ್ನಾಲ್ಕು ಜನ ಬಿಡುವಾದಾಗ ನೋಡಿಕೊಳ್ಳುತ್ತೇವೆ. ಹೋದ ವಾರ ರಾತ್ರಿ ರಿಲೇ (ಮೋಟಾರನ್ನು ಆನ್-ಆಫ್ ಮಾಡುವ ಸ್ವಿಚ್) ಟಕ್ ಟಕ್ ಟಕ್ ಅಂತ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ನಾನು ಮೇಲೆ ಹತ್ತಿ ನೋಡುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಸುಮ್ಮನಾಯಿತು!

ಆಮೇಲೆ ಗೊತ್ತಾಯಿತು. ಬೋರ್ಡ್ ಆನ್ ಆದಾಗಿನಿಂದ ಮಿಲಿಸೆಕೆಂಡ್ ಎಣಿಸುವ ಕೌಂಟರ್ 32 ಬಿಟ್‌ನದು, ಅಂದರೆ 32 ಸೊನ್ನೆ-ಒಂದುಗಳಲ್ಲಿ ಹಿಡಿಯುವಷ್ಟೇ ಎಣಿಸುತ್ತದೆ. 4,29,49,67,295 ದಾಟಿದರೆ ಮತ್ತೆ ಸೊನ್ನೆ. ಅಂದರೆ 49 ದಿನ, 17 ಗಂಟೆ ಚಿಲ್ಲರೆ. ಕೋಡ್‌ನಲ್ಲಿ 'ಈಗಿನ ಸಮಯ, ಮೋಟಾರ್ ಶುರುವಾದ ಸಮಯಕ್ಕೆ 20 ನಿಮಿಷ ಕೂಡಿಸಿದ್ದಕ್ಕಿಂತ ಜಾಸ್ತಿಯಾದರೆ ಆಫ್ ಮಾಡು' ಅಂತಿತ್ತು. ಕೌಂಟರ್ ಸೊನ್ನೆಗೆ ತಿರುಗುವ ಮುಂಚಿನ ಕೊನೆಯ 20 ನಿಮಿಷದಲ್ಲಿ ಆ ಕೂಡಿಕೆಯೇ ತಿರುಗಿ ಚಿಕ್ಕ ಸಂಖ್ಯೆಯಾಗುತ್ತದೆ. ಮೋಟಾರ್ ಆನ್ ಆದ ಕೂಡಲೇ ಆಫ್, ಟ್ಯಾಂಕ್ ಖಾಲಿ ಇರುವುದರಿಂದ ಮತ್ತೆ ಆನ್. ಕೂಡಿಸುವ ಬದಲು ಈಗಿನದರಲ್ಲಿ ಶುರುವಿನದನ್ನು ಕಳೆದು 20 ನಿಮಿಷದ ಜೊತೆ ಹೋಲಿಸಿದರೆ ಸಾಕು, ಚಿಹ್ನೆಯಿಲ್ಲದ (ಮೈನಸ್ ಆಗದೆ ಸುತ್ತಿ ಬರುವ) ಸಂಖ್ಯೆಗಳಾದ್ದರಿಂದ ಸೊನ್ನೆ ದಾಟಿದರೂ ಲೆಕ್ಕ ಸರಿಯೇ ಬರುತ್ತದೆ. ಪರೀಕ್ಷೆಗೆ 49 ದಿನ ಕಾಯಲಿಲ್ಲ, ಕೌಂಟರನ್ನೇ ಕೊನೆಯ ಹತ್ತಿರದಿಂದ ಶುರು ಮಾಡಿದೆ.

ತಮಾಷೆ ಏನು ಗೊತ್ತಾ? ಇಷ್ಟು ವರ್ಷ ಇದು ಕಾಣದೇ ಇದ್ದದ್ದು ಕರೆಂಟ್ ಹೋಗುತ್ತಿದ್ದದ್ದರಿಂದ. ಪ್ರತಿ ಸಲ ಬೋರ್ಡ್ ರೀಸೆಟ್ ಆಗುತ್ತಿತ್ತು. ಸುಮಾರು ಎರಡು ತಿಂಗಳ ಹಿಂದೆ ಯುಪಿಎಸ್ ಹಾಕಿಸಿದೆ, ಅಲ್ವಾ, ಅಲ್ಲಿಂದ ದಿನ ಎಣಿಕೆ ಶುರು.

ಬದಲಾಯಿಸಿದ್ದು ಒಂದು ಸಾಲು, ಅದಕ್ಕೆ ಬರೆದ ವಿವರಣೆ ಹನ್ನೊಂದು ಸಾಲು.