ಅಜ್ಜಿಯ ಹಂಡೆ ಮತ್ತು ಜಿನ್ ಬೀದಿಯ ಗಿರವಿ ಅಂಗಡಿ

ನಮ್ಮ ಬಚ್ಚಲುಮನೆಯಲ್ಲಿರುವ ತಾಮ್ರದ ಹಂಡೆಯ ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ಹೆಸರಿದೆ. ಮದುವೆಗೆ ತವರಿನವರು ಕೊಟ್ಟಿದ್ದು. ಪಾತ್ರೆ ಅಂಗಡಿಯವನು ಸಣ್ಣ ಉಳಿ ಹಿಡಿದು ಕುಟ್ಟಿ ಕುಟ್ಟಿ ಬರೆದ ಹೆಸರು, ಹುಣಸೆಹಣ್ಣು ಹಾಕಿ ತಿಕ್ಕಿದ್ದಕ್ಕೆ ಈಗ ಮೊದಲ ಅಕ್ಷರ ಸವೆದೇ ಹೋಗಿದೆ. ಈ ಹಂಡೆ ಒಂದು ಸಲ ಪೇಟೆಯ ಗಿರವಿ ಅಂಗಡಿಗೆ ಹೋಗಿ ಬಂದಿದೆ. ಹೊತ್ತುಕೊಂಡು ಹೋಗಿದ್ದು ಚಿಕ್ಕಪ್ಪ. ಯಾಕೆ ಅಂತ ಬೇರೆ ಹೇಳಬೇಕಾ? ಸಾರಾಯಿ ಪ್ಯಾಕೆಟ್ಟಿಗೆ.

ಇದೆಲ್ಲ ನೆನಪಾಗಿದ್ದು ಮೊನ್ನೆ. ಹೊಸನಗರದ ಕಡೆ ಮಳೆ ಹಿಡಿದರೆ ಗೊತ್ತಲ್ಲ, ಕರೆಂಟು ಹೋಗಿ ಎರಡು ದಿನ. ಮೊಬೈಲಿನಲ್ಲಿ ಇಳಿಸಿಕೊಂಡಿದ್ದ ಒಂದು ಹಳೇ ಚಿತ್ರವನ್ನು ಸುಮ್ನೆ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾ ಕೂತಿದ್ದೆ. ಲಂಡನ್ನಿನ ಚಿತ್ರಕಾರ ವಿಲಿಯಂ ಹೊಗಾರ್ತ್ 1751ರಲ್ಲಿ ಅಚ್ಚು ಹಾಕಿದ 'ಜಿನ್ ಲೇನ್', ಅಂದರೆ ಜಿನ್ ಬೀದಿ. ಜಿನ್ ಅಂದರೆ ಅಲ್ಲಿನ ಅಗ್ಗದ ಸಾರಾಯಿ ಅಂತಿಟ್ಟುಕೊಳ್ಳಿ.

ಮೊದಲು ಕಣ್ಣಿಗೆ ಬೀಳೋದು ಮೆಟ್ಟಿಲ ಮೇಲೆ ಕೂತ ತಾಯಿ. ಕುಡಿದು ಮತ್ತೇರಿದೆ. ನಶ್ಯದ ಡಬ್ಬಿಗೆ ಕೈ ಹಾಕಿದ್ದಾಳೆ, ಮಡಿಲ ಮಗು ತಲೆಕೆಳಗಾಗಿ ಬೀಳುತ್ತಿದೆ, ಅವಳಿಗೆ ಗೊತ್ತೇ ಇಲ್ಲ. ಒಬ್ಬ ಹುಡುಗ ನಾಯಿಯ ಜೊತೆ ಒಂದೇ ಮೂಳೆ ಕಚ್ಚುತ್ತಿದ್ದಾನೆ. ಕುಸಿದ ಮನೆಯೊಳಗೆ ಒಬ್ಬ ಕ್ಷೌರಿಕ ನೇಣು ಹಾಕಿಕೊಂಡಿದ್ದಾನೆ. ಕೆಳಗಿನ ಹೆಂಡದಂಗಡಿಯ ಬಾಗಿಲ ಮೇಲೆ ಬರೆದಿದೆ: ಒಂದು ಪೆನ್ನಿ ಕಾಸಿಗೆ ಅಮಲು, ಎರಡು ಪೆನ್ನಿ ಕಾಸಿಗೆ ಪ್ರಜ್ಞೆ ತಪ್ಪೋವಷ್ಟು ಅಮಲು, ಮಲಗೋಕೆ ಹುಲ್ಲು ಪುಕ್ಕಟೆ.

ನನ್ನ ಕಣ್ಣು ಮಾತ್ರ ಎಡಗಡೆ ನಿಂತುಬಿಟ್ಟಿತು. ಅಲ್ಲೊಂದು ಗಿರವಿ ಅಂಗಡಿ. ಒಬ್ಬ ಬಡಗಿ ತನ್ನ ಗರಗಸ ತಂದಿದ್ದಾನೆ. ಹಿಂದೆ ಒಬ್ಬಳು ಅಡುಗೆ ಪಾತ್ರೆ ಹಿಡಿದು ನಿಂತಿದ್ದಾಳೆ. ಅಂಗಡಿಯವನು ಗರಗಸವನ್ನು ಪರೀಕ್ಷೆ ಮಾಡುತ್ತಿದ್ದಾನೆ. ಆ ಮುಖ ನೋಡಿದ ಕೂಡಲೇ ಗೊತ್ತಾಗುತ್ತೆ, ಅರ್ಧ ಬೆಲೆಯೂ ಕೊಡೋನಲ್ಲ. ಬೋರ್ಡಿನಲ್ಲಿ ಅವನ ಹೆಸರು ಗ್ರೈಪ್. ಹಿಡಿದರೆ ಬಿಡದವನು ಅಂತಿಟ್ಟುಕೊಳ್ಳಿ. ಊರೆಲ್ಲ ಕುಸಿದರೂ ಅವನ ಕಟ್ಟಡ ಮಾತ್ರ ಗಟ್ಟಿಯಾಗಿದೆ.

ಹೊಗಾರ್ತ್‌ಗೆ ಇದು ಎಲ್ಲಿಂದ ಹೊಳೆಯಿತು ಅಂದರೆ, ಅವನಪ್ಪ ಮೇಷ್ಟ್ರು, ಬರೀ ಲ್ಯಾಟಿನ್‌ನಲ್ಲೇ ಮಾತಾಡಬೇಕು ಅನ್ನೋ ಒಂದು ಕಾಫಿ ಅಂಗಡಿ ತೆಗೆದು (ಯಾರು ಬರ್ತಾರೆ ಹೇಳಿ) ಸಾಲದಲ್ಲಿ ಮುಳುಗಿ ಫ್ಲೀಟ್ ಜೈಲು ಸೇರಿದ್ದರು. ಹುಡುಗ ಮೊದಲು ಕಲಿತಿದ್ದು ಬೆಳ್ಳಿ ಪಾತ್ರೆಗಳ ಮೇಲೆ ದೊಡ್ಡ ಮನೆತನದವರ ಲಾಂಛನ ಕೆತ್ತೋ ಕೆಲಸ. ನಮ್ಮ ಪಾತ್ರೆ ಅಂಗಡಿಯವನದ್ದೇ ಕಸುಬು, ಅಲ್ವಾ? ಆಮೇಲೆ ತಾಮ್ರದ ತಗಡಿಗೆ ಬಂದ. ತಗಡಿನಲ್ಲಿ ಎಲ್ಲ ತಿರುಗುಮುರುಗಾಗಿ ಕೊರೆಯಬೇಕು, ಗೀರುಗಳಲ್ಲಿ ಶಾಯಿ ತುಂಬಿ, ಮೇಲಿಂದ ಒರೆಸಿ, ಒದ್ದೆ ಕಾಗದವಿಟ್ಟು ಒತ್ತಿದರೆ ಚಿತ್ರ ನೆಟ್ಟಗೆ ಬರುತ್ತೆ. ಅವನ ಚಿತ್ರಗಳನ್ನು ಕದ್ದು ಅಚ್ಚು ಹಾಕೋರು ಜಾಸ್ತಿಯಾದಾಗ, 1735ರಲ್ಲಿ ಕೆತ್ತನೆಗಾರನಿಗೆ 14 ವರ್ಷ ಹಕ್ಕು ಕೊಡೋ ಕಾನೂನು ಮಾಡಿಸಿದ ಗಟ್ಟಿಗ.

ಜಿನ್ ಲೇನ್ ಬೆಲೆ 1 ಶಿಲ್ಲಿಂಗ್, ಅಂದರೆ 12 ಪೆನ್ನಿ. ಆ ಬಾಗಿಲ ಲೆಕ್ಕದಲ್ಲಿ 12 ಸಲ ಅಮಲು. ಕುಡುಕ ಯಾವುದನ್ನು ಕೊಳ್ಳುತ್ತಾನೆ ಅಂತ ನೀವೇ ಹೇಳಿ. ಚಿತ್ರ ಕೊಂಡವರು ಬೇರೆಯವರು. ನನಗೆ ಕಿರಿಕಿರಿಯಾಗೋದೂ ಇಲ್ಲೇ. ಇದರ ಜೋಡಿ ಚಿತ್ರ 'ಬಿಯರ್ ಸ್ಟ್ರೀಟ್'ನಲ್ಲಿ ಎಲ್ಲರೂ ಬಿಯರ್ ಕುಡಿದು ದುಂಡಗಿದ್ದಾರೆ, ಗಿರವಿ ಅಂಗಡಿಯವನೇ ದಿವಾಳಿಯಾಗಿ ಬಾಗಿಲ ಕಿಂಡಿಯಲ್ಲಿ ಕೈಚಾಚಿದ್ದಾನೆ. ಬಿಯರ್ ನಮ್ಮದು, ಒಳ್ಳೆಯದು, ಜಿನ್ ಹೊರಗಿಂದ ಬಂದ ವಿಷ, ಹೊಗಾರ್ತ್ ಹೇಳೋದು ಅಷ್ಟೇ. ಸಿರಿವಂತರ ಕುಡಿತವನ್ನೂ ಅವನು ಬೇರೆ ಚಿತ್ರದಲ್ಲಿ ಗೇಲಿ ಮಾಡಿದ್ದಾನೆ, ನಿಜ. ಆದರೆ ಅಲ್ಲಿ ಯಾರ ಮಗುವೂ ಬೀಳೋದಿಲ್ಲ.

1736ರಲ್ಲೇ ಅಲ್ಲಿ ಜಿನ್ ಮಾರೋಕೆ ವರ್ಷಕ್ಕೆ 50 ಪೌಂಡಿನ ಲೈಸೆನ್ಸ್ ಇಟ್ಟಿದ್ದರು. ಮಾರಾಟ ನಿಲ್ಲಲಿಲ್ಲ, ಕದ್ದು ನಡೆಯಿತು, 1743ರಲ್ಲಿ ಕಾನೂನನ್ನೇ ವಾಪಸ್ ತೆಗೆದುಕೊಂಡರು. ಮತ್ತೆ ಹೊಸ ಕಾನೂನು ಬಂದಿದ್ದು ಈ ಚಿತ್ರ ಬಂದ ವರ್ಷವೇ. ನಮ್ಮಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಂತಿತು. ಚಿಕ್ಕಪ್ಪ ಇನ್ನೂ ಕೆಲವು ವರ್ಷ ವೈನ್ ಶಾಪಿನ ಬಾಟ್ಲಿ ಹಿಡಿದರು. ಅದಕ್ಕೆ ಖರ್ಚು ಜಾಸ್ತಿ.

ಹಂಡೆ ಬಿಡಿಸಿ ತಂದಿದ್ದು ಅಜ್ಜಿಯೇ. ಬಸ್ಸಿನಲ್ಲಿ ಹೋಗಿ, ಅಂಗಡಿಯವನ ಮುಂದೆ ಕೂತು, ಹೆಸರಿನ ಮೇಲೆ ಬೆರಳಿಟ್ಟು "ಓದು" ಅಂದಳಂತೆ. ಅವನು ಓದಿದ. ಬಡ್ಡಿ ಮಾತ್ರ ಒಂದು ರೂಪಾಯಿ ಬಿಡಲಿಲ್ಲ.

ಕರೆಂಟು ಬಂದ ಮೇಲೆ ಚಿತ್ರವನ್ನು ಚಿಕ್ಕಪ್ಪನಿಗೂ ತೋರಿಸಿದೆ. ಈಗ ಕುಡಿಯೋದು ಬಿಟ್ಟಿದ್ದಾರೆ, ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕೋದು ಅವರೇ. ಬೀಳೋ ಮಗು, ನೇಣು, ಯಾವುದರ ಮೇಲೂ ಕಣ್ಣು ನಿಲ್ಲಲಿಲ್ಲ. ಕನ್ನಡಕ ಮೇಲೇರಿಸಿ ಎಡಗಡೆ ತುಂಬಾ ಹೊತ್ತು ನೋಡಿದರು.

"ಗರಗಸಕ್ಕೆ ಎಷ್ಟು ಕೊಟ್ಟನಂತೆ?"