ವೆಲ್ಸ್‌ಲೀ ವಿಮಾನದ ಮಾದರಿ: ಆರನೆಯ ವಾರದ ಟಿಪ್ಪಣಿ

ಈ ವಾರದ ಮೊದಲ ಮೂರು ದಿನ ಎಡರೆಕ್ಕೆಗೇ ಹೋದವು. 1:72 ಪ್ರಮಾಣದ ಈ ವಿಕರ್ಸ್ ವೆಲ್ಸ್‌ಲೀ ಮಾದರಿಯ ಒಡಲು 17 ಸೆಂ.ಮೀ. ಕೂಡ ಇಲ್ಲ, ಆದರೆ ರೆಕ್ಕೆಗಳು ತುದಿಯಿಂದ ತುದಿಗೆ 31 ಸೆಂ.ಮೀ. ದಾಟುತ್ತವೆ. ಆಧಾರ ಕೊಡದೆ ಅಂಟಿಸಿ ಮಲಗಿದ್ದು ನನ್ನದೇ ತಪ್ಪು. ಬೆಳಿಗ್ಗೆ ನೋಡಿದರೆ ರೆಕ್ಕೆ ಜೋತುಬಿದ್ದಿತ್ತು. ಸಂದಿಯನ್ನು ಬ್ಲೇಡಿನಿಂದ ಬಿಡಿಸಿ, ಉಪ್ಪುಕಾಗದದಿಂದ ಉಜ್ಜಿ, ಎರಡೂ ತುದಿಗಳ ಕೆಳಗೆ ಬೆಂಕಿಪೊಟ್ಟಣಗಳನ್ನಿಟ್ಟು ಮತ್ತೆ ಅಂಟಿಸಿದ್ದೇನೆ.

ಒಡಲಿನ ಮೇಲೆ ಬರೆಯಬೇಕಾದ ಸಂಖ್ಯೆ ಎಲ್‌ 2680. 1938ರ ನವೆಂಬರ್ 5ರಂದು ಈಜಿಪ್ಟಿನ ಇಸ್ಮಾಯಿಲಿಯಾದಿಂದ ಬ್ರಿಟಿಷ್ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ರಿಚರ್ಡ್ ಕೆಲೆಟ್ ಅವರ ಮುಂದಾಳತ್ವದಲ್ಲಿ ಹೊರಟ ಮೂರು ಒಂಟಿ ಎಂಜಿನ್ ವೆಲ್ಸ್‌ಲೀಗಳಲ್ಲಿ ಇದೂ ಒಂದು. ಒಂದು ವಿಮಾನ ಇಂಧನ ಸಾಲದೆ ಟಿಮೋರ್ ದ್ವೀಪದಲ್ಲಿ ಇಳಿಯಿತು. ಉಳಿದೆರಡು ಸುಮಾರು 48 ಗಂಟೆ ಎಲ್ಲಿಯೂ ನಿಲ್ಲದೆ, 11,520 ಕಿ.ಮೀ. ಹಾರಿ ಆಸ್ಟ್ರೇಲಿಯಾದ ಡಾರ್ವಿನ್ ತಲುಪಿ ವಿಶ್ವದಾಖಲೆ ಮಾಡಿದವು. ಎಲ್‌ 2680ರಲ್ಲಿದ್ದ ಮೂವರಲ್ಲಿ ಕೂಂಬ್ ಮತ್ತು ಬರ್ನೆಟ್ ಅಧಿಕಾರಿಗಳು. ಮೂರನೆಯವರು ಸಾರ್ಜೆಂಟ್ ಹೆಕ್ಟರ್ ಬರ್ಟ್ರಾಮ್ ಗ್ರೇ. ಶತ್ರುವಿನ ಎದುರಲ್ಲದ ಹಾರಾಟದ ಸಾಹಸಕ್ಕೆ ಅಧಿಕಾರಿಗಳಿಗೆ ಏರ್‌ಫೋರ್ಸ್ ಕ್ರಾಸ್, ಕೆಳದರ್ಜೆಯವರಿಗೆ ಏರ್‌ಫೋರ್ಸ್ ಮೆಡಲ್ ಎಂಬ ಅಂದಿನ ಪದ್ಧತಿಯಂತೆ ಗ್ರೇ ಅವರಿಗೆ ಮೆಡಲ್ ಬಂತು.

ನಾನು ಈ ಮಾದರಿಗೆ ಕೈಹಾಕಿದ್ದೇ ಗ್ರೇ ಅವರಿಗಾಗಿ. ಅವರ ಬಗ್ಗೆ ಬರೆಯುವವರು ಈ ಹಾರಾಟವನ್ನು ಒಂದೇ ಸಾಲಿನಲ್ಲಿ ಮುಗಿಸಿ ಹಾಂಗ್‌ಕಾಂಗಿಗೆ ಹೋಗಿಬಿಡುತ್ತಾರೆ ಎಂಬ ಅಸಮಾಧಾನ ನನಗಿದೆ; ಹಾಂಗ್‌ಕಾಂಗಿನದೂ ಸಣ್ಣ ಕಥೆಯಲ್ಲ ಎಂಬುದು ಬೇರೆ ಮಾತು. 1941ರ ಡಿಸೆಂಬರ್ 25ರಂದು ಆ ನಗರ ಜಪಾನೀಯರಿಗೆ ಶರಣಾದಾಗ, ಅಷ್ಟರಲ್ಲಿ ಫ್ಲೈಟ್ ಲೆಫ್ಟಿನೆಂಟ್ ಆಗಿದ್ದ ಗ್ರೇ ಯುದ್ಧಕೈದಿಯಾದರು. ಶಿಬಿರದೊಳಗೆ ಕದ್ದು ಔಷಧಿ ತರಿಸಿ ತೀವ್ರವಾಗಿ ಕಾಯಿಲೆಬಿದ್ದವರಿಗೆ ಹಂಚಿದರು, ಹೊರಗಿನವರಿಂದ ಸುದ್ದಿ ಪಡೆದು ಕೈದಿಗಳಿಗೆ ಮುಟ್ಟಿಸಿದರು. ಸುದ್ದಿ ಕೊಟ್ಟವರ ಹೆಸರಿಗಾಗಿ ಸುಮಾರು ಆರು ತಿಂಗಳು ಹಿಂಸಿಸಿದರೂ ಅವರು ಬಾಯಿಬಿಡಲಿಲ್ಲ. 1943ರ ಡಿಸೆಂಬರ್ 18ರಂದು ಕರ್ನಲ್ ನ್ಯೂನಮ್ ಮತ್ತು ಕ್ಯಾಪ್ಟನ್ ಡಗ್ಲಾಸ್ ಫೋರ್ಡ್ ಅವರೊಂದಿಗೆ ಅವರನ್ನು ಗುಂಡಿಕ್ಕಿ ಕೊಂದರು. ಮೂವರಿಗೂ 1946ರಲ್ಲಿ, ಶತ್ರುವಿನ ಎದುರಲ್ಲದ ಶೌರ್ಯಕ್ಕೆ ಬ್ರಿಟನ್ ಕೊಡುವ ಅತ್ಯುನ್ನತ ಪದಕವಾದ ಜಾರ್ಜ್ ಕ್ರಾಸ್ ಮರಣೋತ್ತರವಾಗಿ ಪ್ರಕಟವಾಯಿತು.

ಹಾಗಾಗಿ ಪೀಠದ ಮೇಲೆ ಗ್ರೇ ಅವರ ಎರಡೂ ಪದಕಗಳ ರಿಬ್ಬನ್ ಪಟ್ಟಿಗಳನ್ನು, ಧರಿಸುವ ಕ್ರಮದಲ್ಲಿಯೇ ಬಣ್ಣದಲ್ಲಿ ಬರೆಯುವುದೆಂದು ನಿಶ್ಚಯಿಸಿದ್ದೇನೆ. ಜಾರ್ಜ್ ಕ್ರಾಸಿನ ಕಡುನೀಲಿ ಒಂದೇ ಎಳೆತಕ್ಕೆ ಮುಗಿಯಿತು. ಏರ್‌ಫೋರ್ಸ್ ಮೆಡಲ್‌ನ ಪಟ್ಟಿಯೇ ಕಷ್ಟದ್ದು: ಬಿಳಿ ಮತ್ತು ಕೆಂಪಿನ ಓರೆಗೆರೆಗಳು ತೀರಾ ಕಿರಿದು. ಮಾಸ್ಕಿಂಗ್ ಟೇಪನ್ನು ಕೂದಲೆಳೆಯಷ್ಟು ಸಣ್ಣಗೆ ಕತ್ತರಿಸಿ ಅಂಟಿಸಿದರೂ ಕೆಂಪು ಅಡಿಗೆ ನುಗ್ಗಿ ಬಿಳಿಯನ್ನು ಎರಡು ಸಲ ಕೆಡಿಸಿತು. ಭಾನುವಾರ ಮೊದಲು ಟೇಪಿನ ಅಂಚುಗಳಿಗೆ ಬಿಳಿ ಬಣ್ಣವನ್ನೇ ಸವರಿ, ಅದು ಒಣಗಿದ ಮೇಲೆ ಕೆಂಪು ಹಚ್ಚಿ ನೋಡುತ್ತೇನೆ.